ಎಡ್ಸ್‌ಗರ್ ಡೈಕ್‌ಸ್ಟ್ರಾ: ಕಂಪ್ಯೂಟರಿನ ಒಳಮನೆಗೆ ಶಿಸ್ತು ತಂದ ಗಣಿತಜ್ಞ



ಕಲಬುರಗಿಯಿಂದ ಕಮಲಾಪುರಕ್ಕೆ ಹತ್ತಿರದ ದಾರಿ ಯಾವುದೆಂದು ನೀವು ಮೊಬೈಲಿನ ನಕ್ಷೆಯನ್ನು ಕೇಳಿದರೆ ಅದು ಕ್ಷಣಾರ್ಧದಲ್ಲಿ ಗೆರೆ ಎಳೆದು ತೋರಿಸುತ್ತದೆ. ನೂರಾರು ಕೂಡುರಸ್ತೆಗಳಲ್ಲಿ ಯಾವುದನ್ನು ಹಿಡಿದರೆ ದೂರ ಕಡಿಮೆ ಎಂದು ಲೆಕ್ಕ ಹಾಕುವ ಇಂಥ ಕ್ರಮಗಳಿಗೆ ತಳಹದಿಯಾದ ವಿಧಾನವೊಂದನ್ನು 1956ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಒಂದು ಹೋಟೆಲಿನಲ್ಲಿ, ತನ್ನ ಭಾವೀ ಪತ್ನಿಯೊಡನೆ ಕಾಫಿ ಕುಡಿಯುತ್ತ ಕುಳಿತ ಇಪ್ಪತ್ತಾರು ವರ್ಷದ ಯುವಕನೊಬ್ಬ ಕಾಗದ, ಪೆನ್ಸಿಲುಗಳಿಲ್ಲದೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಮನಸ್ಸಿನಲ್ಲೇ ರೂಪಿಸಿಕೊಂಡ. ಆತನೇ ಎಡ್ಸ್‌ಗರ್ ವೈಬ ಡೈಕ್‌ಸ್ಟ್ರಾ. ನಮ್ಮ ನಗರದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿನಲ್ಲಾಗಲಿ, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯದಲ್ಲಾಗಲಿ ಕಂಪ್ಯೂಟರ್ ವಿಜ್ಞಾನ ಓದುವ ವಿದ್ಯಾರ್ಥಿಗೆ ಈ ಹೆಸರು ಹೊಸದಲ್ಲ.

ಆದರೆ ಈ ಲೇಖನ ಆ ಹತ್ತಿರದ ದಾರಿಯ ಬಗ್ಗೆ ಅಲ್ಲ. ಡೈಕ್‌ಸ್ಟ್ರಾ ಅವರು ತಮ್ಮ ಬಾಳಿನ ಬಹುಪಾಲನ್ನು ಸವೆಸಿದ್ದು ಇದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆಯ ಸುತ್ತ. ಹಲವರು ಒಂದೇ ಹೊತ್ತಿನಲ್ಲಿ ಕೆಲಸ ಮಾಡುತ್ತಿರುವಾಗ, ಒಬ್ಬನ ಕೆಲಸ ಇನ್ನೊಬ್ಬನಿಗೆ ಕುತ್ತಾಗದಂತೆ ನೋಡಿಕೊಳ್ಳುವುದು ಹೇಗೆ? ಅದರಲ್ಲೂ, ಎಲ್ಲರೂ ಬಳಸುತ್ತಿರುವ ವಸ್ತುವೊಂದನ್ನು ಇನ್ನು ಯಾರಿಗೂ ಬೇಡ ಎಂದು ತೀರ್ಮಾನಿಸಿ ತೆಗೆದುಹಾಕುವುದು ಯಾವಾಗ?

ಇದೇನು ದೊಡ್ಡ ಪ್ರಶ್ನೆ ಎಂದು ನಿಮಗನಿಸಬಹುದು. ಒಂದು ಉದಾಹರಣೆ ನೋಡಿ. ನೀವು ಪೆನ್‌ಡ್ರೈವ್‌ನಿಂದ ಫೈಲೊಂದನ್ನು ನಕಲು ಮಾಡುತ್ತಿದ್ದೀರಿ. ಅಷ್ಟರಲ್ಲಿ ಗೆಳೆಯನೊಬ್ಬ ಬಂದು ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿಬಿಟ್ಟ. ಪೆನ್‌ಡ್ರೈವ್ ಹೋಯಿತು ನಿಜ, ಆದರೆ ಅದರ ಬಗ್ಗೆ ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಬರೆದಿಟ್ಟುಕೊಂಡಿದ್ದ ದಾಖಲೆ ಇನ್ನೂ ಅಲ್ಲಿದೆ. ನಕಲು ಮಾಡುವ ಪ್ರೋಗ್ರಾಂ ಅದನ್ನು ಹಿಡಿದುಕೊಂಡೇ ಇದೆ. ಪೆನ್‌ಡ್ರೈವ್ ಹೋದ ಕೂಡಲೇ ಆ ದಾಖಲೆಯನ್ನು ಅಳಿಸಿ ಆ ಜಾಗವನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟರೆ, ನಕಲು ಮಾಡುವ ಪ್ರೋಗ್ರಾಂ ಮುಂದಿನ ಕ್ಷಣ ತನ್ನದೆಂದು ತಿಳಿದು ಕೈಹಾಕುವುದು ಇನ್ನೊಬ್ಬರ ಸ್ವತ್ತಿಗೆ. ಅಳಿಸದೆ ಹಾಗೇ ಬಿಟ್ಟರೆ ಅಂಥ ಅನಾಥ ದಾಖಲೆಗಳು ದಿನದಿನಕ್ಕೆ ತುಂಬಿ ಮೆಮೊರಿಯೇ ಮುಗಿದುಹೋಗುತ್ತದೆ. ಇಬ್ಬರು ಸೇರಿ ಒಂದೇ ದಾಖಲೆಯನ್ನು ಎರಡು ಸಲ ಅಳಿಸಿದರಂತೂ ಲೆಕ್ಕವೇ ಅಸ್ತವ್ಯಸ್ತ.

ಈ ದಾಖಲೆಗಳನ್ನೆಲ್ಲ ಕಾಯುವ ಕೆಲಸ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್‌ನದು. ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ನಿಲ್ಲುತ್ತದೆ, ಕರ್ನಲ್ ಅದರ ಹಿಂದೆ ಗುಡಿಸಿ ಸ್ವಚ್ಛ ಮಾಡುತ್ತದೆ. ಕರ್ನಲ್ಲೇ ಕೆಟ್ಟರೆ? ಅದರ ಹಿಂದೆ ಗುಡಿಸುವವರು ಯಾರೂ ಇಲ್ಲ, ಇಡೀ ಯಂತ್ರವೇ ನಿಂತುಹೋಗುತ್ತದೆ. ಆಸ್ಪತ್ರೆಯ ಯಂತ್ರ, ಬ್ಯಾಂಕಿನ ಎ.ಟಿ.ಎಂ., ರೈಲ್ವೆ ಟಿಕೆಟ್ ಕೌಂಟರು, ನಿಮ್ಮ ಜೇಬಿನ ಫೋನು, ಎಲ್ಲದರೊಳಗೂ ಇಂಥದೊಂದು ಕರ್ನಲ್ ಇದೆ ಎಂಬುದನ್ನು ನೆನಪಿಟ್ಟುಕೊಂಡು ಈ ಗಣಿತಜ್ಞರ ಬಾಳಿನತ್ತ ಬರೋಣ.

ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ನೆದರ್‌ಲ್ಯಾಂಡ್ಸ್ ದೇಶದ ಬಂದರು ನಗರ ರಾಟರ್‌ಡ್ಯಾಮ್‌ನಲ್ಲಿ. ತಂದೆ ರಸಾಯನಶಾಸ್ತ್ರಜ್ಞರು. ತಾಯಿ ಗಣಿತದಲ್ಲಿ ಪರಿಣತೆ, ಆದರೆ ಎಲ್ಲಿಯೂ ನೌಕರಿ ಮಾಡಿದವರಲ್ಲ. ಚೊಕ್ಕವಾದ, ಚಿಕ್ಕದಾದ ಸಾಧನೆಯೇ ಸುಂದರ ಎಂಬ ಅಭಿರುಚಿ ಮಗನಿಗೆ ಬಂದದ್ದು ತಾಯಿಯಿಂದ. ಹುಡುಗನಾಗಿದ್ದಾಗ ಅವರಿಗೆ ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸುವ ಆಸೆಯಿತ್ತು. ಗಣಿತ, ವಿಜ್ಞಾನಗಳಲ್ಲಿ ಬಂದ ಅಂಕಗಳು ದಾರಿ ಬದಲಿಸಿದವು. 1948ರಲ್ಲಿ ಲೈಡನ್ ವಿಶ್ವವಿದ್ಯಾಲಯ ಸೇರಿ ಸೈದ್ಧಾಂತಿಕ ಭೌತಶಾಸ್ತ್ರ ಹಿಡಿದರು.

1951ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಮೂರು ವಾರಗಳ ಪ್ರೋಗ್ರಾಮಿಂಗ್ ತರಗತಿಯೊಂದು ನಡೆಯಲಿದೆ ಎಂಬ ಪ್ರಕಟಣೆ ತಂದೆಯ ಕಣ್ಣಿಗೆ ಬಿತ್ತು, ಮಗನನ್ನು ಕಳಿಸಿದರು. ಆ ಮೂರು ವಾರ ಮಗನ ಬಾಳಿನ ದಿಕ್ಕನ್ನೇ ತಿರುಗಿಸಿದವು. 1952ರ ಮಾರ್ಚಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಅವರಿಗೆ ಅರೆಕಾಲಿಕ ನೌಕರಿ ದೊರೆಯಿತು. ಆ ದೇಶದಲ್ಲಿ ಪ್ರೋಗ್ರಾಮರ್ ಎಂಬ ಹುದ್ದೆಗೆ ನೇಮಕಗೊಂಡ ಮೊದಲಿಗರು ಅವರೇ. ಆದರೆ ಅದೂ ಒಂದು ಉದ್ಯೋಗವೇ ಎಂದು ಯಾರೂ ಒಪ್ಪುತ್ತಿರಲಿಲ್ಲ. 1957ರಲ್ಲಿ ಮರಿಯಾ ಡೆಬೆಟ್ಸ್ ಅವರೊಡನೆ ವಿವಾಹವಾದಾಗ ನೋಂದಣಿ ಪತ್ರದ ಉದ್ಯೋಗದ ಸಾಲಿನಲ್ಲಿ ಪ್ರೋಗ್ರಾಮರ್ ಎಂದು ಬರೆಸಹೋದರೆ, ಅಂಥ ಉದ್ಯೋಗವೇ ಇಲ್ಲವೆಂದು ಅಧಿಕಾರಿಗಳು ನಿರಾಕರಿಸಿದರು. ಕೊನೆಗೆ ಸೈದ್ಧಾಂತಿಕ ಭೌತಶಾಸ್ತ್ರಜ್ಞ ಎಂದು ಬರೆಸಬೇಕಾಯಿತು. ಇಂದು ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕೆಲಸ ಹಿಡಿಯುವ ನಮ್ಮ ಹುಡುಗ ಹುಡುಗಿಯರಿಗೆ ಇದು ನಗು ತರಿಸಬಹುದು.

ಗಣಿತ ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಇಂಜಿನಿಯರುಗಳು ಯಂತ್ರ ಕಟ್ಟುವ ಮೊದಲೇ ಅದು ಹೇಗೆ ವರ್ತಿಸಬೇಕೆಂದು ಎಲ್ಲರೂ ಸೇರಿ ಬರಹದಲ್ಲಿ ಒಪ್ಪಿಕೊಳ್ಳುವುದು, ಆಮೇಲೆ ಅವರು ಯಂತ್ರ ಕಟ್ಟುವುದು, ಡೈಕ್‌ಸ್ಟ್ರಾ ಇನ್ನೂ ಹುಟ್ಟದ ಆ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು. ಪರೀಕ್ಷಿಸಿ ನೋಡಲು ಯಂತ್ರವೇ ಇಲ್ಲದ ಮೇಲೆ, ಬರೆದದ್ದು ಸರಿ ಎಂದು ತಿಳಿಯುವುದು ಯೋಚನೆಯಿಂದ ಮಾತ್ರ. ಅವರ ಮುಂದಿನ ಎಲ್ಲ ಹಟಗಳ ಬೇರು ಇಲ್ಲಿದೆ ಎಂದು ನನಗನಿಸುತ್ತದೆ.

ಎಕ್ಸ್ 1 ಎಂಬ ಯಂತ್ರದ ಸರದಿ ಬಂದಾಗ ಇಂಜಿನಿಯರುಗಳಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಹೊಸ ಸೌಲಭ್ಯವೊಂದನ್ನು ಸೂಚಿಸಿದರು. ಅದೇ ಇಂಟರಪ್ಟ್. ಮುದ್ರಣಯಂತ್ರವೋ ಟೇಪ್ ಓದುವ ಯಂತ್ರವೋ ಕೆಲಸ ಮುಗಿಸಿದಾಗ, ನಡೆಯುತ್ತಿರುವ ಪ್ರೋಗ್ರಾಮನ್ನು ಮಧ್ಯದಲ್ಲೇ ತಡೆದು ತನ್ನತ್ತ ಗಮನ ಸೆಳೆಯುವ ವ್ಯವಸ್ಥೆ. ಯಂತ್ರದ ವೇಳೆ ವ್ಯರ್ಥವಾಗದು, ಲಾಭ ಸ್ಪಷ್ಟ. ಆದರೆ ಡೈಕ್‌ಸ್ಟ್ರಾ ಹೆದರಿದರು. ಯಾವ ಕ್ಷಣದಲ್ಲಿ ತಡೆ ಬರುತ್ತದೆಂದು ಯಾರಿಗೂ ತಿಳಿಯದು. ಸಾವಿರ ಸಲ ಸರಿಯಾಗಿ ನಡೆದ ಪ್ರೋಗ್ರಾಂ ಸಾವಿರದೊಂದನೆಯ ಸಲ, ತಡೆ ಬರಬಾರದ ಕ್ಷಣದಲ್ಲಿ ಬಂದದ್ದರಿಂದ ಎಡವಬಹುದು. ಮತ್ತೆ ನಡೆಸಿ ನೋಡಿದರೆ ತಪ್ಪು ಕಾಣುವುದೇ ಇಲ್ಲ. ಕಾಣದ ತಪ್ಪನ್ನು ತಿದ್ದುವುದು ಹೇಗೆ? ತಿಂಗಳುಗಟ್ಟಲೆ ಅವರು ಒಪ್ಪದೆ ಮುಂದೂಡಿದರು. ಕೊನೆಗೆ ಒಪ್ಪಿ, ಆ ಅಂಜಿಕೆಯನ್ನೇ ಅಧ್ಯಯನದ ವಿಷಯವಾಗಿ ಮಾಡಿಕೊಂಡರು. 1959ರಲ್ಲಿ ಅವರಿಗೆ ಡಾಕ್ಟರೇಟ್ ತಂದ ಪ್ರಬಂಧ ಇದೇ ಯಂತ್ರದ ಕುರಿತಾದದ್ದು.

ಮರುವರ್ಷ ಆಲ್ಗಾಲ್ 60 ಎಂಬ ಭಾಷೆಗೆ ಅನುವಾದಕ ಪ್ರೋಗ್ರಾಂ ಬರೆಯುವ ಕೆಲಸ. ಜೊತೆಗಾರ ಜಾಪ್ ಝೋನ್ನೆವೆಲ್ಡ್. ಕೆಲಸ ಮುಗಿಯುವವರೆಗೂ ಗಡ್ಡ ತೆಗೆಯುವುದಿಲ್ಲವೆಂದು ಇಬ್ಬರೂ ಶಪಥ ಮಾಡಿದರಂತೆ. 1960ರ ಆಗಸ್ಟಿನಲ್ಲಿ ಕೆಲಸ ಮುಗಿಯಿತು, ಝೋನ್ನೆವೆಲ್ಡ್ ಗಡ್ಡ ತೆಗೆಸಿದರು, ಡೈಕ್‌ಸ್ಟ್ರಾ ಉಳಿಸಿಕೊಂಡರು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಈ ಕೆಲಸದಲ್ಲಿ ಅವರು ಬಳಸಿದ ಸ್ಟ್ಯಾಕ್ ಪದ್ಧತಿ. ಮದುವೆ ಮನೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟು, ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವುದಿಲ್ಲವೇ? ಹಾಗೆಯೇ ಪ್ರೋಗ್ರಾಮಿನ ಒಂದು ಭಾಗ ಆರಂಭವಾದಾಗ ಅದಕ್ಕೆ ಬೇಕಾದ ಜಾಗವನ್ನು ಅಟ್ಟಿಯ ತುದಿಯಲ್ಲಿ ಕೊಡುವುದು, ಆ ಭಾಗ ಮುಗಿದ ಕೂಡಲೇ ಹಿಂತೆಗೆದುಕೊಳ್ಳುವುದು. ಇಲ್ಲಿ ಯಾವುದನ್ನು ಯಾವಾಗ ಬಿಡಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಹುಟ್ಟಿದ ಕ್ರಮದ ವಿರುದ್ಧ ಕ್ರಮದಲ್ಲಿ ಎಲ್ಲವೂ ತಾವಾಗಿ ಹೋಗುತ್ತವೆ.

ಎಲ್ಲ ವಸ್ತುಗಳೂ ಹೀಗೆಯೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಕರ್ನಲ್ ಕಾಯುವ ವಸ್ತುಗಳು ಈ ಅಟ್ಟಿಗೆ ಒಗ್ಗುವುದಿಲ್ಲ. ತೆರೆದ ಫೈಲು, ಜೋಡಿಸಿದ ಯಂತ್ರ, ನಡೆಯುತ್ತಿರುವ ಪ್ರೋಗ್ರಾಮಿನ ದಾಖಲೆ, ಇವೆಲ್ಲ ಒಬ್ಬರ ಕೈಯಲ್ಲಿ ಹುಟ್ಟಿ ಇನ್ನೊಬ್ಬರ ಕೈಗೆ ಹೋಗಿ ಮೂರನೆಯವರ ಕೈಯಲ್ಲಿ ಕೊನೆಗೊಳ್ಳುವಂಥವು.

1962ರಲ್ಲಿ ಡೈಕ್‌ಸ್ಟ್ರಾ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಅಲ್ಲಿ ಆರು ಜನರ ಸಣ್ಣ ತಂಡ ಕಟ್ಟಿಕೊಂಡು, ಎಕ್ಸ್ 8 ಎಂಬ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ಒಂದನ್ನು ರಚಿಸಿದರು. ವಿಶ್ವವಿದ್ಯಾಲಯದ ಡಚ್ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಟಿ.ಎಚ್.ಇ. ಎಂಬ ಹೆಸರು ಬಂತು. ಆ ಯಂತ್ರದ ಮುಖ್ಯ ಮೆಮೊರಿ ಬರೀ 32 ಸಾವಿರ ಪದಗಳಷ್ಟು. ಅಷ್ಟರಲ್ಲೇ ಹಲವು ಪ್ರೋಗ್ರಾಮುಗಳು ಒಟ್ಟಿಗೆ ನಡೆಯಬೇಕು. ಅವರು ಇಡೀ ವ್ಯವಸ್ಥೆಯನ್ನು ಮಹಡಿಗಳಂತೆ ಒಂದರ ಮೇಲೊಂದು ಪದರವಾಗಿ ಕಟ್ಟಿದರು. ಕೆಳಗಿನ ಪದರ ಸರಿಯೆಂದು ತರ್ಕದಿಂದ ಖಚಿತಪಡಿಸಿಕೊಂಡ ಮೇಲೆಯೇ ಮೇಲಿನದು. 1968ರಲ್ಲಿ ಪ್ರಕಟವಾದ ಇದರ ವಿವರಣೆ ಆಪರೇಟಿಂಗ್ ಸಿಸ್ಟಮ್ ವಿಷಯದ ಪಠ್ಯಪುಸ್ತಕಗಳಲ್ಲಿ ತಪ್ಪದೆ ಬರುತ್ತದೆ.

ಇದೇ ಕೆಲಸದ ಸಂದರ್ಭದಲ್ಲಿ ಹುಟ್ಟಿದ್ದು ಸೆಮಾಫೋರ್. ಹಿರಿಯ ಓದುಗರಿಗೆ ರೈಲು ನಿಲ್ದಾಣಗಳ ಬಳಿ ಇರುತ್ತಿದ್ದ ಕೈಮರಗಳ ನೆನಪಿರಬಹುದು. ಕೈ ಅಡ್ಡಲಾಗಿದ್ದರೆ ನಿಲ್ಲು, ಸರಿದಿದ್ದರೆ ಹೋಗು. ಡೈಕ್‌ಸ್ಟ್ರಾ ಹೆಸರನ್ನು ತಂದದ್ದು ಅಲ್ಲಿಂದಲೇ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಬೀದರ್–ಕಲಬುರಗಿ ರೈಲು ಮಾರ್ಗವನ್ನು ಕಮಲಾಪುರದ ಮೇಲೆ ಹಾಯುವಂತೆ ಒಂಟಿ ಹಳಿಯದಾಗಿ ಹಾಕಲಾಯಿತು. ಒಂಟಿ ಹಳಿಯ ಒಂದು ತುಂಡಿನಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಒಳಗೆ ಹೋದ ಗಾಡಿ ಪೂರ್ತಿ ಹೊರಬಂದಿದೆ ಎಂದು ಖಚಿತವಾಗದೆ ಇನ್ನೊಂದಕ್ಕೆ ಅನುಮತಿ ಇಲ್ಲ. ಕಂಪ್ಯೂಟರಿನಲ್ಲಿ ಇದನ್ನೇ ಅವರು ಪಿ ಮತ್ತು ವಿ ಎಂಬ ಎರಡು ಕ್ರಿಯೆಗಳಾಗಿ ಮಾಡಿದರು. ಒಂದು ಹಾದುಹೋಗಲು ಕೇಳುವುದು, ಇನ್ನೊಂದು ದಾರಿ ಬಿಟ್ಟುಕೊಡುವುದು. ಸೆಮಾಫೋರ್ ಒಳಗಿರುವುದು ಬರೀ ಒಂದು ಸಂಖ್ಯೆ. ಕೇಳುವಾಗ ಒಂದು ಕಡಿಮೆಯಾಗುತ್ತದೆ, ಬಿಡುವಾಗ ಒಂದು ಹೆಚ್ಚುತ್ತದೆ. ಆದರೆ ಆ ಒಂದು ಕೂಡುವ ಅಥವಾ ಕಳೆಯುವ ಕ್ರಿಯೆಯ ನಡುವೆ ಬೇರೆ ಯಾರೂ ತಲೆಹಾಕುವಂತಿಲ್ಲ. ಇಡೀ ಗುಟ್ಟು ಅದರಲ್ಲಿದೆ.

ಇಂದಿನ ಕರ್ನಲ್‌ಗಳಲ್ಲಿ ಹಲವರು ಹಂಚಿಕೊಳ್ಳುವ ಅನೇಕ ವಸ್ತುಗಳ ಜೊತೆಗೆ ಇಂಥದೇ ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ರೆಫರೆನ್ಸ್ ಕೌಂಟ್ ಎನ್ನುತ್ತಾರೆ, ಅಂದರೆ ಎಷ್ಟು ಜನ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ. ಇದು ಡೈಕ್‌ಸ್ಟ್ರಾ ಅವರ ಆವಿಷ್ಕಾರವಲ್ಲ. 1960ರಲ್ಲೇ ಅಮೆರಿಕದ ಜಾರ್ಜ್ ಕಾಲಿನ್ಸ್ ಈ ಲೆಕ್ಕದ ಉಪಾಯವನ್ನು ಪ್ರಕಟಿಸಿದ್ದರು. ಹಿಡಿಯುವವನು ಒಂದು ಕೂಡಿಸಬೇಕು, ಬಿಡುವವನು ಒಂದು ಕಳೆಯಬೇಕು, ಸೊನ್ನೆ ಮಾಡಿದವನೇ ವಸ್ತುವನ್ನು ತೆಗೆದುಹಾಕಬೇಕು. ಪೆನ್‌ಡ್ರೈವ್ ಕಿತ್ತ ಮೇಲೂ ಅದರ ದಾಖಲೆ ಉಳಿಯುವುದು ಈ ಲೆಕ್ಕದಿಂದ. ಕೊನೆಯ ಪ್ರೋಗ್ರಾಂ ಕೈಬಿಟ್ಟಾಗಲೇ ಅದು ಹೋಗುತ್ತದೆ. ಆದರೆ ಕೂಡುವುದು ಕಳೆಯುವುದು ನಡುವೆ ಮುರಿಯದ ಒಂದೇ ಕ್ರಿಯೆಯಾಗಿರಬೇಕು, ಲೆಕ್ಕ ಸೊನ್ನೆಯಾದ ವಸ್ತುವನ್ನು ಆಮೇಲೆ ಯಾರೂ ಹಿಡಿಯಕೂಡದು ಎಂಬ ಎಚ್ಚರವನ್ನು ಪ್ರೋಗ್ರಾಮರುಗಳಿಗೆ ಕಲಿಸಿದವರಲ್ಲಿ ಡೈಕ್‌ಸ್ಟ್ರಾ ಮೊದಲ ಸಾಲಿನವರು.

ಟಿ.ಎಚ್.ಇ. ಮುಗಿದ ಮೇಲಿನ ದಿನಗಳು ಅವರಿಗೆ ಕಷ್ಟದವು. ವಿಶ್ವವಿದ್ಯಾಲಯದಲ್ಲಿ ಅವರ ತಂಡ ಚದುರಿಹೋಯಿತು, ಅವರು ತೀವ್ರ ಖಿನ್ನತೆಗೆ ಒಳಗಾದರು. ಹೊರಬರಲು ಅವರು ಹಿಡಿದದ್ದು ಲೇಖನಿಯನ್ನೇ. ಆಗ ಬರೆದ ಟಿಪ್ಪಣಿಗಳೇ ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಹರಡಿದವು. 1972ರಲ್ಲಿ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

ಇಲ್ಲಿ ಒಂದು ಸ್ವಾರಸ್ಯದ ಮಾತು ಹೇಳಲೇಬೇಕು. 1968ರಲ್ಲಿ ಅವರು ಒಂದು ಪತ್ರಿಕೆಗೆ ಬರೆದ ಸಣ್ಣ ಪತ್ರ ದೊಡ್ಡ ಗದ್ದಲವೆಬ್ಬಿಸಿತು. ಪ್ರೋಗ್ರಾಮಿನ ಒಂದು ಸಾಲಿನಿಂದ ಇನ್ನೊಂದಕ್ಕೆ ಏಕಾಏಕಿ ಜಿಗಿಯುವ ಗೋಟು ಆದೇಶವನ್ನು ಕೈಬಿಡಬೇಕೆಂಬುದು ಅವರ ವಾದ. ಜಿಗಿತಗಳು ಹೆಚ್ಚಾದಂತೆ, ಇಲ್ಲಿಗೆ ಬಂದು ತಲುಪಿದಾಗ ಏನೇನು ಆಗಿದೆ ಏನೇನು ಆಗಿಲ್ಲ ಎಂದು ಓದುವವನಿಗೆ ಹೇಳಲಾಗದು. ಜಗತ್ತು ಅವರ ಮಾತನ್ನು ಬಹುಮಟ್ಟಿಗೆ ಒಪ್ಪಿತು. ಆದರೆ ಇಂದು ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಲಿನಕ್ಸ್ ಕರ್ನಲ್ ತೆರೆದು ನೋಡಿದರೆ ಅಲ್ಲಿ ಗೋಟು ಧಾರಾಳವಾಗಿದೆ, ಅದೂ ಶುಚಿಗೊಳಿಸುವ ಕೆಲಸಕ್ಕೆಂದೇ! ಯಂತ್ರವೊಂದನ್ನು ಚಾಲೂ ಮಾಡಲು ಮೊದಲು ಮೆಮೊರಿ ಪಡೆಯಬೇಕು, ನಂತರ ಇಂಟರಪ್ಟ್ ಗೊತ್ತುಮಾಡಿಕೊಳ್ಳಬೇಕು, ನಂತರ ಹೆಸರು ನೋಂದಾಯಿಸಬೇಕು ಎಂದಿಟ್ಟುಕೊಳ್ಳಿ. ಮೂರನೆಯದು ವಿಫಲವಾದರೆ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಬಿಡಬೇಕು. ಎರಡನೆಯದೇ ವಿಫಲವಾದರೆ ಮೊದಲನೆಯದನ್ನು ಮಾತ್ರ. ಹಾಗಾಗಿ ಕೊನೆಯಲ್ಲಿ ಬಿಡುವ ಸಾಲುಗಳನ್ನು ತಲೆಕೆಳಗಾದ ಕ್ರಮದಲ್ಲಿ ಬರೆದಿಟ್ಟು, ಎಡವಿದ ಕಡೆಯಿಂದ ಸರಿಯಾದ ಮೆಟ್ಟಿಲಿಗೆ ಜಿಗಿಯುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಡೈಕ್‌ಸ್ಟ್ರಾ ಅವರಿಗೆ ಮಾಡಿದ ಅಗೌರವವಲ್ಲ. ಜಿಗಿತ ಯಾವಾಗಲೂ ಕೆಳಮುಖವಾಗಿ, ಒಂದೇ ಕ್ರಮದಲ್ಲಿ. ಗೊಂದಲ ಕಡಿಮೆ ಮಾಡಲೆಂದೇ ಇರುವ ಕಟ್ಟುಪಾಡು ಅದು. ಆದರೂ ಹೊಸಬ ಬಂದು ನಡುವೆ ನಾಲ್ಕನೆಯ ಹೆಜ್ಜೆ ಸೇರಿಸಿದಾಗ ತಪ್ಪು ಮೆಟ್ಟಿಲಿಗೆ ಜಿಗಿಯುವುದು ಸಾಮಾನ್ಯ. 2023ರಲ್ಲಿ ಲಿನಕ್ಸ್‌ಗೆ ಇನ್ನೊಂದು ಸೌಲಭ್ಯ ಬಂತು. ವಸ್ತುವನ್ನು ಪಡೆಯುವ ಸಾಲಿನಲ್ಲೇ ಅದನ್ನು ಬಿಡುವ ಬಗೆಯನ್ನೂ ಬರೆದುಬಿಟ್ಟರೆ, ಆ ಭಾಗ ಯಾವ ದಾರಿಯಿಂದ ಮುಗಿದರೂ ಬಿಡುಗಡೆ ತಾನಾಗಿ ಆಗುತ್ತದೆ. ಹೀಗೆ 1960ರ ಅಟ್ಟಿಯ ಕ್ರಮವನ್ನೇ ಹೊಸ ವೇಷದಲ್ಲಿ ಮರಳಿ ತಂದಂತಾಯಿತು.

1973ರಲ್ಲಿ ಡೈಕ್‌ಸ್ಟ್ರಾ ಬರೋಸ್ ಕಂಪನಿಯ ಸಂಶೋಧಕರಾಗಿ, ನ್ಯೂನೆನ್ ಎಂಬ ಊರಿನ ತಮ್ಮ ಮನೆಯ ಕೋಣೆಯಿಂದಲೇ ಕೆಲಸ ಮಾಡತೊಡಗಿದರು. ವಾರಕ್ಕೊಮ್ಮೆ ಮಂಗಳವಾರ ವಿಶ್ವವಿದ್ಯಾಲಯದಲ್ಲಿ ಗೆಳೆಯರ ಕೂಟ. ಈ ನೆಮ್ಮದಿಯ ದಿನಗಳಲ್ಲೇ ಅವರು ನಮ್ಮ ಮೂಲ ಪ್ರಶ್ನೆಗೆ ನೇರವಾಗಿ ಕೈಹಾಕಿದ್ದು. ಲೆಸ್ಲಿ ಲ್ಯಾಂಪೋರ್ಟ್, ಮಾರ್ಟಿನ್, ಹಳೆಯ ಗೆಳೆಯ ಸ್ಕೋಲ್ಟನ್, ಸ್ಟೆಫೆನ್ಸ್ ಇವರ ಜೊತೆಗೂಡಿ ಬರೆದ ಆ ಪ್ರಬಂಧ 1978ರಲ್ಲಿ ಪ್ರಕಟವಾಯಿತು. ಕೆಲಸ ನಿಲ್ಲಿಸದೆಯೇ ಕಸ ತೆಗೆಯುವುದು ಅದರ ವಿಷಯ.

ಸ್ವಲ್ಪ ತಾಳ್ಮೆಯಿಂದ ಓದಿ, ಇದು ಎಲ್ಲಕ್ಕಿಂತ ಸುಂದರವಾದ ಭಾಗ. ಮೆಮೊರಿಯಲ್ಲಿ ಸಾವಿರಾರು ವಸ್ತುಗಳಿವೆ, ಒಂದು ಇನ್ನೊಂದರತ್ತ ಬೆರಳು ತೋರುತ್ತದೆ. ಯಾರ ಬೆರಳೂ ತಲುಪದ ವಸ್ತು ಕಸ. ಗುಡಿಸುವವನು ಆರಂಭದಲ್ಲಿ ಎಲ್ಲವನ್ನೂ ಬಿಳಿ ಎಂದುಕೊಳ್ಳುತ್ತಾನೆ. ಖಂಡಿತ ಬೇಕಾದ ಕೆಲವನ್ನು ಬೂದು ಮಾಡುತ್ತಾನೆ. ಬೂದು ವಸ್ತು ಯಾವುದರತ್ತ ಬೆರಳು ತೋರುತ್ತದೋ ಅದನ್ನೂ ಬೂದು ಮಾಡಿ, ಮೊದಲಿನದನ್ನು ಕಪ್ಪು ಮಾಡುತ್ತಾನೆ. ಕಪ್ಪು ಎಂದರೆ ಪರಿಶೀಲನೆ ಮುಗಿಯಿತು. ಬೂದು ಬಣ್ಣ ಪೂರ್ತಿ ಮುಗಿದಾಗ ಬಿಳಿಯಾಗಿ ಉಳಿದದ್ದೆಲ್ಲ ಕಸ.

ತೊಡಕು ಎಲ್ಲಿದೆ? ಗುಡಿಸುವವನು ಗುಡಿಸುತ್ತಿರುವಾಗಲೇ ಕೆಲಸದವನು ಬೆರಳುಗಳನ್ನು ಬದಲಿಸುತ್ತಿದ್ದಾನೆ. ಪರಿಶೀಲನೆ ಮುಗಿದ ಕಪ್ಪು ವಸ್ತುವಿನಿಂದ ಬಿಳಿ ವಸ್ತುವೊಂದರತ್ತ ಹೊಸ ಬೆರಳು ಜೋಡಿಸಿ, ಹಳೆಯ ಬೆರಳನ್ನು ತೆಗೆದುಬಿಟ್ಟ ಎನ್ನಿ. ಗುಡಿಸುವವನು ಕಪ್ಪನ್ನು ಮತ್ತೆ ತಿರುಗಿ ನೋಡುವುದಿಲ್ಲ. ಜೀವಂತ ವಸ್ತು ಕಸದ ಬುಟ್ಟಿ ಸೇರುತ್ತದೆ. ಪರಿಹಾರವಾಗಿ ಅವರು ಕೆಲಸದವನ ಮೇಲೂ ಒಂದು ಸಣ್ಣ ಹೊಣೆ ಹೊರಿಸಿದರು. ಹೊಸ ಬೆರಳು ಜೋಡಿಸಿದಾಗಲೆಲ್ಲ ಅದು ತೋರುವ ವಸ್ತುವಿಗೆ ಬೂದು ಬಣ್ಣ ಬಳಿ. ಅಷ್ಟೇ. ಬೆರಳು ಮೊದಲೋ ಬಣ್ಣ ಮೊದಲೋ ಎಂಬುದು ಕ್ಷುಲ್ಲಕವೆಂದು ಕಾಣುತ್ತದೆ, ಆದರೆ ಅದರಲ್ಲೇ ಅಳಿವು ಉಳಿವು ಅಡಗಿದೆ. ಇಂಥ ಪಂಡಿತರ ಮೊದಲಿನ ಕರಡಿನಲ್ಲೂ ದೋಷ ಸಿಕ್ಕಿತು, ತಿದ್ದಬೇಕಾಯಿತು. ಗೂಗಲ್‌ನವರ ಗೋ ಭಾಷೆಯ ಪ್ರೋಗ್ರಾಮುಗಳಲ್ಲಿ ಇಂದು ಕಸ ತೆಗೆಯುವುದು ಈ ಮೂರು ಬಣ್ಣಗಳ ಕ್ರಮದಿಂದಲೇ.

1980ರಲ್ಲಿ ಸ್ಕೋಲ್ಟನ್ ಜೊತೆ ಬರೆದ ಇನ್ನೊಂದು ಪ್ರಬಂಧವೂ ಇದೇ ಬಳಗದ್ದು. ಒಬ್ಬ ಹಲವರಿಗೆ ಕೆಲಸ ಹಂಚಿದ, ಅವರು ಮತ್ತೆ ಹಲವರಿಗೆ ಹಂಚಿದರು. ಎಲ್ಲ ಮುಗಿಯಿತೆಂದು ಮೊದಲಿನವನಿಗೆ ತಿಳಿಯುವುದು ಹೇಗೆ? ತಾನು ಕೆಲಸ ಕೊಟ್ಟವರೆಲ್ಲರಿಂದ ಮರು ಉತ್ತರ ಬರುವವರೆಗೆ ಯಾರೂ ತನಗೆ ಕೆಲಸ ಕೊಟ್ಟವನಿಗೆ ಮುಗಿಯಿತೆಂದು ಹೇಳುವಂತಿಲ್ಲ. ಕಮಲಾಪುರದ ಕೆಂಪು ಬಾಳೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೊನೆ ಕಡಿದ ಮೇಲೆ ತಾಯಿ ಗಿಡದ ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಬುಡದಲ್ಲಿ ಕಂದು ಬೆಳೆಯುತ್ತಿದ್ದರೆ ಜಾಣ ರೈತ ತಾಯಿಯ ಕಾಂಡವನ್ನು ಒಮ್ಮೆಲೇ ಬುಡಸಮೇತ ಕಡಿಯುವುದಿಲ್ಲ, ಅದರ ಸತ್ವ ಕಂದಿಗೆ ಇಳಿಯಲು ಬಿಟ್ಟು ಹಂತಹಂತವಾಗಿ ಕಡಿಯುತ್ತಾನೆ. ಕರ್ನಲ್‌ನಲ್ಲೂ ಹಾಗೆಯೇ. ಯು.ಎಸ್.ಬಿ. ಹಬ್ ಒಂದರ ದಾಖಲೆ ಅದಕ್ಕೆ ಜೋಡಿಸಿದ ಯಂತ್ರಗಳ ದಾಖಲೆಗಿಂತ ಮೊದಲು ಹೋಗುವಂತಿಲ್ಲ, ಮಕ್ಕಳು ತಾಯಿಯನ್ನು ಹಿಡಿದುಕೊಂಡಿರುತ್ತಾರೆ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ? ಲಿನಕ್ಸ್ ಕರ್ನಲ್‌ನೊಳಗೆ ಒಂದು ಪುಟ್ಟ ಕಸ ತೆಗೆಯುವ ಭಾಗವಿದೆ. ಪ್ರೋಗ್ರಾಮುಗಳು ತೆರೆದ ಫೈಲುಗಳನ್ನು ಒಂದಕ್ಕೊಂದು ಕಳುಹಿಸಿಕೊಳ್ಳುವಾಗ, ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡು ಕೂತುಬಿಡಬಹುದು. ಆಗ ಹೊರಗಿನವರು ಯಾರೂ ಇಲ್ಲದಿದ್ದರೂ ಲೆಕ್ಕ ಎಂದೂ ಸೊನ್ನೆಯಾಗದು. ಅಂಥವನ್ನು ಹುಡುಕುವ ಭಾಗ ಅದು. ಅದರಲ್ಲಿದ್ದ ದೋಷವೊಂದು 2021ರಲ್ಲಿ ಬಯಲಾಯಿತು. ಗುಡಿಸುವವನು ಕಸವೆಂದು ತೀರ್ಮಾನಿಸುತ್ತಿರುವ ಹೊತ್ತಿಗೇ ಇನ್ನೊಬ್ಬ ಇಣುಕಿ ನೋಡಿ ಅದೇ ವಸ್ತುವನ್ನು ಹಿಡಿದುಕೊಳ್ಳಬಹುದಿತ್ತು. ಡೈಕ್‌ಸ್ಟ್ರಾ 1970ರ ದಶಕದಲ್ಲಿ ಕಾಗದದ ಮೇಲೆ ಬಿಡಿಸಿ ತೋರಿಸಿದ ಅಪಾಯದ ತಮ್ಮನೇ ಇದು. ಈ ಬಿರುಕಿನ ಮೂಲಕ ದಾಳಿಕೋರರು ಆಂಡ್ರಾಯ್ಡ್ ಫೋನುಗಳೊಳಗೆ ನುಗ್ಗಿದ್ದರು. ಒಂದು ವಸ್ತುವನ್ನು ಒಂದು ಕ್ಷಣ ಮೊದಲು ಕೈಬಿಟ್ಟದ್ದಕ್ಕೆ ಯಾರದೋ ಪತ್ರ, ಚಿತ್ರ, ಗುಟ್ಟುಗಳೆಲ್ಲ ಪರರ ಪಾಲು.

1984ರಲ್ಲಿ ಡೈಕ್‌ಸ್ಟ್ರಾ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ, ಆಸ್ಟಿನ್ ನಗರಕ್ಕೆ ಹೋದರು. 1999ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಪಾಠ ಹೇಳಿದರು. ಜಗತ್ತಿಗೆ ಕಂಪ್ಯೂಟರ್ ಶಾಸ್ತ್ರ ಕಲಿಸಿದ ಈ ಮನುಷ್ಯ ತಮ್ಮ ಮೇಜಿನ ಮೇಲೆ ಬಹುಕಾಲ ಕಂಪ್ಯೂಟರನ್ನೇ ಇಟ್ಟುಕೊಂಡಿರಲಿಲ್ಲ ಎಂದರೆ ನೀವು ನಂಬುವುದು ಕಷ್ಟ. ಶಾಯಿ ಪೆನ್ನಿನಿಂದ, ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಬರೆಯುತ್ತಿದ್ದರು. ತಮ್ಮ ಹೆಸರಿನ ಮೊದಲಕ್ಷರಗಳಾದ ಇ.ಡಬ್ಲ್ಯೂ.ಡಿ. ಎಂಬ ಗುರುತು ಹಾಕಿ, ಕ್ರಮಸಂಖ್ಯೆ ಕೊಟ್ಟು, ಝೆರಾಕ್ಸ್ ಮಾಡಿಸಿ ಕೆಲವೇ ಮಿತ್ರರಿಗೆ ಅಂಚೆಯಲ್ಲಿ ಕಳುಹಿಸುವರು. ಅವರು ಮತ್ತೆ ಪ್ರತಿ ಮಾಡಿ ಇತರರಿಗೆ. ಹೀಗೆ ಸಾವಿರದ ಮುನ್ನೂರಕ್ಕೂ ಹೆಚ್ಚು ಬರಹಗಳು ದೇಶದೇಶಗಳನ್ನು ಸುತ್ತಿದವು. ಇಂದು ಅವುಗಳಲ್ಲಿ ಹೆಚ್ಚಿನವು ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದುವಂತೆ ಅಂತರ್ಜಾಲದಲ್ಲಿವೆ. ಸ್ವಭಾವದಲ್ಲಿ ಅವರು ನಿಷ್ಠುರರು, ಇಷ್ಟವಾಗದ್ದನ್ನು ಮುಖದ ಮೇಲೆ ಹೇಳುವವರು. ಪರೀಕ್ಷಿಸಿ ನೋಡಿದೆ, ಸರಿಯಾಗಿದೆ ಎನ್ನುವವರನ್ನು ಅವರು ಸಹಿಸುತ್ತಿರಲಿಲ್ಲ. ಪರೀಕ್ಷೆಯಲ್ಲಿ ಸಿಕ್ಕದ ತಪ್ಪು ಇಲ್ಲವೆಂದು ಅರ್ಥವಲ್ಲ ಎಂಬುದು ಎಕ್ಸ್ 1ರ ಅಂಜಿಕೆಯ ದಿನದಿಂದ ಕೊನೆಯವರೆಗೂ ಅವರು ಬಿಡದ ಮಾತು.

2002ರ ಆರಂಭದಲ್ಲಿ ಅನಾರೋಗ್ಯದಿಂದ ನ್ಯೂನೆನ್‌ನ ಹಳೆಯ ಮನೆಗೆ ಮರಳಿದರು. ಏಪ್ರಿಲ್ ತಿಂಗಳಿನಲ್ಲಿ ಕೊನೆಯ ಬರಹಕ್ಕೆ ಸಂಖ್ಯೆ ಹಾಕಿದರು. 2002ರ ಆಗಸ್ಟ್ 6ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 72 ವರ್ಷ.

ಅದೇ ವರ್ಷದ ಅಕ್ಟೋಬರಿನಲ್ಲಿ ಲಿನಕ್ಸ್ ಕರ್ನಲ್‌ಗೆ ಆರ್.ಸಿ.ಯು. ಎಂಬ ಹೊಸ ವ್ಯವಸ್ಥೆ ಸೇರಿತು. ಅದರ ಹಿಂದಿನ ಮುಖ್ಯ ಹೆಸರು ಅಮೆರಿಕದ ಪಾಲ್ ಮೆಕೆನ್ನಿ ಅವರದು. ಲಿನಕ್ಸ್‌ಗೆ ಅದನ್ನು ಒಗ್ಗಿಸಿ ಸೇರಿಸಿದವರು ಬೆಂಗಳೂರಿನ ಐ.ಬಿ.ಎಂ. ಕಚೇರಿಯಲ್ಲಿದ್ದ ದೀಪಂಕರ್ ಸರ್ಮಾ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ರಾತ್ರಿ ಅಂಗಡಿ ಮುಚ್ಚುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಂಗಡಿಯವನು ಮೊದಲು ಶಟರನ್ನು ಅರ್ಧ ಇಳಿಸುತ್ತಾನೆ, ಹೊಸ ಗಿರಾಕಿಗಳು ಒಳಗೆ ಬರುವುದಿಲ್ಲ. ಒಳಗಿದ್ದವರನ್ನು ಹೊರಗೆ ದಬ್ಬುವುದಿಲ್ಲ, ಅವರ ವ್ಯಾಪಾರ ಮುಗಿಯುವವರೆಗೂ ಕಾಯುತ್ತಾನೆ. ಕೊನೆಯವನು ಹೋದ ಮೇಲೆ ದೀಪ ಆರಿಸುತ್ತಾನೆ. ಆರ್.ಸಿ.ಯು. ಮಾಡುವುದೂ ಅಷ್ಟೇ. ವಸ್ತುವನ್ನು ಪಟ್ಟಿಯಿಂದ ಬಿಡಿಸಿ ಹೊಸಬರಿಗೆ ಕಾಣದಂತೆ ಮಾಡುತ್ತದೆ, ಆಗಲೇ ಓದುತ್ತಿದ್ದವರು ಹೊರಡುವವರೆಗೆ ಕಾಯುತ್ತದೆ, ಆಮೇಲೆ ಜಾಗವನ್ನು ಹಿಂತಿರುಗಿಸುತ್ತದೆ. ಓದುವವರು ಲೆಕ್ಕದ ಸಂಖ್ಯೆಯನ್ನು ಮುಟ್ಟಬೇಕಾಗಿಯೂ ಇಲ್ಲ. 2009ರಲ್ಲಿ ಲಿನಕ್ಸ್‌ಗೆ ಸೇರಿದ, ಕೈಬಿಟ್ಟುಹೋದ ಮೆಮೊರಿಯನ್ನು ಪತ್ತೆಹಚ್ಚುವ ಕೆಮೆಮ್‌ಲೀಕ್ ಎಂಬ ಸಾಧನವೂ ವಸ್ತುಗಳನ್ನು ವಿಂಗಡಿಸುವುದು ಬಣ್ಣಗಳಿಂದ. ಬಣ್ಣಗಳ ಅರ್ಥ ಅಲ್ಲಿ ತುಸು ಬೇರೆ, ಹೆಸರುಗಳು ಮಾತ್ರ ಅವೇ: ಬಿಳಿ, ಬೂದು, ಕಪ್ಪು. ಈ ಕರ್ನಲ್‌ನ ಪ್ರತಿ ಸಾಲೂ ಎಲ್ಲರಿಗೂ ತೆರೆದಿದೆ. ಕಾಲೇಜಿನ ಲ್ಯಾಬಿನಲ್ಲಿ ಕುಳಿತು ನೀವೇ ಆ ಫೈಲನ್ನು ತೆರೆದು ನೋಡಬಹುದು.